ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ

ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿಯು ಎಸ್‌ಎಲ್‌ಆರ್ ಕ್ಯಾಮೆರಾದ ಒಂದು ಸೌಲಭ್ಯ. ಛಾಯಾಚಿತ್ರದಲ್ಲಿ ಎಷ್ಟು ದೂರದಿಂದ ಎಷ್ಟು ದೂರದವರೆಗಿನ ವಸ್ತುಗಳು ಸ್ಪಷ್ಟವಾಗಿ ಮೂಡುತ್ತವೆ ಎಂಬುದನ್ನು ಇದು ಮುಂಚಿತವಾಗಿಯೇ ತೋರಿಸುತ್ತದೆ. ಸಾಮಾನ್ಯವಾಗಿ ಇದು ಲೆನ್ಸ್ ಜೋಡಿಸುವ ಜಾಗದ ಪಕ್ಕದಲ್ಲಿರುತ್ತದೆ.

ಕಾರ್ಯವಿಧಾನ

ವ್ಯೂಫೈಂಡರಿನಲ್ಲಿ ನೋಟವು ಬೆಳಕಾಗಿ ಕಾಣಲೆಂದು ಲೆನ್ಸಿನ ದ್ಯುತಿರಂಧ್ರವು ಪೂರ್ಣವಾಗಿ ತೆರೆದಿರುತ್ತದೆ. ಆಯ್ದ ಅಳತೆಗೆ ಅದು ಕಿರಿದಾಗುವುದು ಚಿತ್ರ ತೆಗೆಯುವ ಕ್ಷಣದಲ್ಲಿ ಮಾತ್ರ. ಆದುದರಿಂದ ಕಣ್ಣಿಗೆ ಮಸುಕಾಗಿ ಕಂಡ ಹಿನ್ನೆಲೆಯು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಬಹುದು. ಗುಂಡಿಯನ್ನು ಒತ್ತಿದಾಗ ರಂಧ್ರವು ಆಗಲೇ ಕಿರಿದಾಗಿ ನಿಜಸ್ಥಿತಿ ಗೋಚರಿಸುತ್ತದೆ.

ಉದಾಹರಣೆ

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ನಿರ್ಮಾಣವಾದ ಅಮೃತೇಶ್ವರ ದೇವಾಲಯದ ಮಂಟಪವು ಕಡೆದ ಕಂಬಗಳ ಸಾಲುಗಳಿಗೆ ಪ್ರಸಿದ್ಧವಾಗಿದೆ. ಹತ್ತಿರದ ಕಂಬಕ್ಕೆ ಫೋಕಸ್ ಮಾಡಿ ಎಫ್/2.8ರಲ್ಲಿ ನೋಡಿದರೆ ಹಿಂದಿನ ಕಂಬಗಳು ಮಸುಕಾಗಿರುತ್ತವೆ. ಎಫ್/16ಕ್ಕೆ ಇಟ್ಟು ಗುಂಡಿಯನ್ನು ಒತ್ತಿದರೆ ಇನ್ನೆಷ್ಟು ಕಂಬಗಳು ಸ್ಪಷ್ಟವಾಗುತ್ತವೆ ಎಂಬುದು ತಿಳಿಯುತ್ತದೆ.

ಮಿತಿ ಮತ್ತು ಮಹತ್ವ

ಈ ಉದಾಹರಣೆಯಲ್ಲಿ ಬೆಳಕು 32ರಲ್ಲಿ 1 ಭಾಗಕ್ಕೆ ಇಳಿಯುವುದರಿಂದ ನೋಟವು ಕತ್ತಲಾಗುತ್ತದೆ. ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕಾಗುತ್ತದೆ. ಫಿಲ್ಮ್ ಬಳಕೆಯ ಕಾಲದಲ್ಲಿ ದೋಷವು ಫಿಲ್ಮನ್ನು ತೊಳೆದ ಬಳಿಕವಷ್ಟೇ ತಿಳಿಯುತ್ತಿದ್ದುದರಿಂದ ಈ ಗುಂಡಿಗೆ ವಿಶೇಷ ಮಹತ್ವವಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿಯೂ ಪರೀಕ್ಷಿಸಬಹುದು.