ಸಾಕ್ಷಿ ಹೇಳಬೇಕಾದವರು ಯಾರು?

ಹಾಸನದ ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರ ತಾಯಿ ಒಂದು ಕ್ರೈಸ್ತ ಮನೆಯಲ್ಲಿ ಅಡುಗೆ ಕೆಲಸ ಮಾಡುತ್ತಾರೆ. ಆ ಮನೆಯೊಡತಿ ಭಾನುವಾರದ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾರಂತೆ. ದೇವರು ಮನೆ ಕಟ್ಟಿಸಿಕೊಟ್ಟದ್ದು, ಮಗನಿಗೆ ವೀಸಾ ಕೊಡಿಸಿದ್ದು ಎಲ್ಲವೂ ಅದರಲ್ಲಿ ಬರುತ್ತದಂತೆ. ಅಡುಗೆಯವರ ಸಂಬಳ ಮಾತ್ರ ಎರಡು ತಿಂಗಳಿಂದ ಬಾಕಿ. ಓದುಗರು ಸಿಟ್ಟಿನ ಮಾತೊಂದನ್ನೂ ಆಡಿಲ್ಲ. ಕೇಳಿರುವುದು ಒಂದೇ ಪ್ರಶ್ನೆ: “ಚರ್ಚಿನಲ್ಲಿ ಹೇಳುವ ಸಾಕ್ಷಿಯೂ ಕೋರ್ಟಿನಲ್ಲಿ ಹೇಳುವ ಸಾಕ್ಷಿಯೂ ಒಂದೇ ಪದವೇ ಸಾರ್, ಅಥವಾ ಬೇರೆ ಬೇರೆಯೇ?”

ಒಂದೇ ಪದ. ಅದು ಎರಡಾಗಿ ಕೇಳಿಸುವಂತೆ ಮಾಡಿದವರು ನಾವು, ಸಭೆಯ ಜನ. ನಾನು ಇಂಥ ಸಭೆಗಳಲ್ಲೇ ಬೆಳೆದವನು. ನಮ್ಮ ಹಿರಿಯರ ಬಾಯಲ್ಲಿ ಈ ಪದಕ್ಕೆ ಎರಡು ಬಳಕೆಗಳಿದ್ದವು. ಪ್ರಾರ್ಥನಾ ಕೂಟದಲ್ಲಿ ಎದ್ದು ತನ್ನ ಅನುಭವ ಒಪ್ಪಿಸುವುದು ‘ಸಾಕ್ಷಿ ಹೇಳುವುದು’. ಇನ್ನೊಂದು ಬಳಕೆ, ‘ಅವರ ಸಾಕ್ಷಿ ಚೆನ್ನಾಗಿದೆ’ ಎಂಬುದು. ಊರು ಅವರ ಬಗ್ಗೆ ಏನನ್ನುತ್ತದೆ, ಅಂಗಡಿಯವನು ಅವರಿಗೆ ಸಾಲ ಕೊಡುತ್ತಾನೋ ಇಲ್ಲವೋ, ಬಾಡಿಗೆದಾರರು ಅವರ ಹೆಸರೆತ್ತಿದರೆ ಮುಖ ಹೇಗೆ ಮಾಡುತ್ತಾರೆ, ಎಲ್ಲವೂ ಆ ಮಾತಿನೊಳಗೆ ಬರುತ್ತಿತ್ತು. ‘ಹುಡುಗನ ಸಾಕ್ಷಿ ಸರಿಯಿಲ್ಲವಂತೆ’ ಎಂದರೆ ಕೂಡಿಬಂದ ಸಂಬಂಧವೂ ಮುರಿದುಬೀಳುತ್ತಿತ್ತು. ಮೊದಲನೆಯದು ನಾನು ನನ್ನ ಬಗ್ಗೆ ಹೇಳುವುದು, ಎರಡನೆಯದು ನೀವು ನನ್ನ ಬಗ್ಗೆ ಹೇಳುವುದು. ಈಗ ಮೊದಲನೆಯದು ಮೈಕು ಹಿಡಿದುಕೊಂಡಿದೆ. ಎರಡನೆಯದನ್ನು ಆಡುವವರೇ ಕಡಿಮೆಯಾಗಿದ್ದಾರೆ.

ಈ ಪದದೊಳಗೆ ಕಣ್ಣು ಎಲ್ಲಿದೆ ಎಂಬುದು ನಿಘಂಟು ತೆರೆದವರಿಗೆ ತಾನೇ ಸಿಗುತ್ತದೆ, ಅದು ಹಾಗಿರಲಿ. ನನಗೆ ಬಹುಕಾಲದಿಂದ ಹಿಡಿದಿರುವ ಹುಚ್ಚು ಬೇರೆ. ‘ಸಾಕ್ಷಿ’ ನಮ್ಮ ಚರ್ಚಿಗೆ ಬಂದದ್ದು ವೇದಾಂತದ ಬಾಗಿಲಿನಿಂದಲ್ಲ, ಶಾನುಭೋಗರ ಜಗಲಿಯಿಂದ ಎಂಬುದು ನನ್ನ ವಾದ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕುಳಿತಾಗ, 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದು ಕನ್ನಡ ಕಲಿಯತೊಡಗಿದಾಗ, ಪಾದ್ರಿಗಳಿಗೆ ಭಾಷೆ ಹೇಳಿಕೊಟ್ಟವರು ಮುನ್ಷಿಗಳು. ಮುನ್ಷಿಗೆ ಕಚೇರಿಯ ಕಾಗದ ಅಂಗೈ ಗೆರೆಯಷ್ಟು ಪರಿಚಿತ. ಬರೆದುಕೊಟ್ಟವರು, ಬರೆಸಿಕೊಂಡವರು, ಚಕ್ಕುಬಂದಿ, ಕೊನೆಗೆ ಬಿಕ್ಕಲಂ, ಪಕ್ಕದಲ್ಲಿ ಸಾಕ್ಷಿಗಳ ರುಜು. ಹೊಲ ಮಾರಿದವನೂ ಕೊಂಡವನೂ ಸಾಕ್ಷಿಯ ಸಾಲಿನಲ್ಲಿ ರುಜು ಹಾಕುವಂತಿಲ್ಲ. ಆ ಸಾಲು ಮೂರನೆಯವನದು. ಆ ವ್ಯವಹಾರದಲ್ಲಿ ಅವನಿಗೆ ಒಂದು ಹಿಡಿ ರಾಗಿಯೂ ಸೇರುವುದಿಲ್ಲ. ಅವನ ರುಜುವಿಗೆ ಬೆಲೆ ಬಂದದ್ದೇ ಅದಕ್ಕೆ.

ಈ ಶಿಸ್ತು ಹೊಸದೇನೂ ಅಲ್ಲ. ನಮ್ಮ ಹಳೆಯ ದಾನಶಾಸನಗಳ ಕೊನೆಗೂ ಸಾಕ್ಷಿಗಳ ಹೆಸರು ಬರುತ್ತವೆ. ವಿಜಯನಗರ ಕಾಲದ ತಾಮ್ರಪಟಗಳಲ್ಲಿ ಮತ್ತೆ ಮತ್ತೆ ಬರುವ ಸಂಸ್ಕೃತ ಶ್ಲೋಕವೊಂದಿದೆ. ಮನುಷ್ಯನ ನಡತೆಯನ್ನು ಯಾರು ಯಾರು ಬಲ್ಲರು ಎಂದು ಅದು ಪಟ್ಟಿ ಕೊಡುತ್ತದೆ: ಸೂರ್ಯ, ಚಂದ್ರ, ಗಾಳಿ, ಬೆಂಕಿ, ಆಕಾಶ, ಭೂಮಿ, ನೀರು, ಹೃದಯ, ಯಮ, ಹಗಲು, ಇರುಳು, ಎರಡು ಸಂಧ್ಯೆಗಳು, ಧರ್ಮ. ಪಟ್ಟಿಯ ನಡುವೆ ಹೃದಯ ಕುಳಿತಿರುವುದನ್ನು ನೋಡಿ. ನೀರಿನ ಪಕ್ಕದಲ್ಲಿ, ಯಮನ ಪಕ್ಕದಲ್ಲಿ! ಅದು ನನ್ನ ಎದೆಯೊಳಗೇ ಇದ್ದರೂ ನನ್ನ ಪಕ್ಷದ್ದಲ್ಲ. ನಾವು ‘ಮನಸ್ಸಾಕ್ಷಿ’ ಎನ್ನುವುದರ ಬಲ ಇದೇ. ಇದೇ ಮಾತನ್ನು ಈಗ ಕೇಳುವುದು ರಾಜ್ಯಸಭೆ ಚುನಾವಣೆ ಬಂದಾಗ, ‘ಆತ್ಮಸಾಕ್ಷಿಯ ಮತ’ ಎಂದು. ಪಕ್ಷ ಬಿಟ್ಟು ಮತ ಹಾಕುವುದಕ್ಕೆಲ್ಲ ಆ ಹೆಸರಿಟ್ಟು, ಒಳ್ಳೆಯ ಪದವೊಂದನ್ನು ಸವೆಸಿದ್ದೇವೆ.

ಕಾನೂನಿಗೂ ಈ ಮಾತು ಗೊತ್ತಿದೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಅದೇ ಕಾಯ್ದೆಯ 67ನೇ ಕಲಮಿನಂತೆ, ಸಾಕ್ಷಿ ಹಾಕಿದವನಿಗೋ ಅವನ ಹೆಂಡತಿಗೋ ಆ ಉಯಿಲಿನಲ್ಲಿ ಆಸ್ತಿ ಬರೆದಿದ್ದರೆ ಉಯಿಲು ನಿಲ್ಲುತ್ತದೆ, ಅವರ ಪಾಲು ಬಿದ್ದುಹೋಗುತ್ತದೆ. ಸಾಕ್ಷಿಯಾಗುತ್ತೀಯಾ, ಲಾಭ ಬಿಡು. ಲಾಭ ಬೇಕೇ, ಸಾಕ್ಷಿಯ ಸಾಲಿನಿಂದ ಏಳು. ಆಸ್ತಿಗೆ ಒಪ್ಪಿಕೊಂಡ ಈ ನಿಯಮವನ್ನು ನಂಬಿಕೆಯ ವಿಷಯದಲ್ಲಿ ನಾವು ಏಕೆ ಬಿಟ್ಟೆವು?

ಇಲ್ಲಿ ನಮ್ಮ ಅಜ್ಜಿಯ ಗಾದೆಯೊಂದು ನೆನಪಿಗೆ ಬರುತ್ತದೆ: ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ. ಮೊಮ್ಮಕ್ಕಳು ನಾವು ಒಬ್ಬರನ್ನೊಬ್ಬರು ವಹಿಸಿಕೊಂಡು ‘ಅವನು ಮಾವಿನಕಾಯಿ ಕೀಳಲಿಲ್ಲ ಅಜ್ಜಿ, ನಾನೇ ನೋಡಿದ್ದೇನೆ’ ಎಂದಾಗಲೆಲ್ಲ ಅವರು ಇದನ್ನು ಹೇಳುತ್ತಿದ್ದರು. ಕನ್ನಡದಲ್ಲಿ ಬೂಟಾಟಿಕೆಯ ಬಗ್ಗೆ ಮಾತುಗಳಿಗೆ ಬರವಿಲ್ಲ. ಸೋಗಲಾಡಿ ಇದೆ, ಡಾಂಭಿಕ ಇದೆ, ಗೋಮುಖವ್ಯಾಘ್ರ ಇದೆ, ಶಾಸ್ತ್ರ ಹೇಳಿ ಬದನೇಕಾಯಿ ತಿನ್ನುವವನಿದ್ದಾನೆ. ಆದರೆ ಅವೆಲ್ಲ ಒಬ್ಬಂಟಿ ಕಪಟಿಯ ಚಿತ್ರಗಳು. ಓತಿಕ್ಯಾತದ ಗಾದೆ ಒಂದೇ, ಕಪಟಕ್ಕೆ ಜೊತೆಗಾರ ಬೇಕು ಎಂಬುದನ್ನು ಕಂಡಿದೆ.

ಆ ಗಾದೆ ಕಟ್ಟಿದವರು ಬೇಲಿಯನ್ನು ಚೆನ್ನಾಗಿ ನೋಡಿದವರು. ಓತಿಕ್ಯಾತ ಬಿಸಿಲು ಕಾಯಿಸಲು ಗೂಟವನ್ನೇ ಹತ್ತುತ್ತದೆ. ಹತ್ತಿ ಕುಳಿತು, ಯಾರೋ ಏನೋ ಕೇಳಿದ್ದಕ್ಕೆ ‘ಹೌದು ಹೌದು’ ಎನ್ನುವಂತೆ ತಲೆ ಆಡಿಸುತ್ತದೆ. ಬಣ್ಣ ಬದಲಿಸುವುದೂ ಅಲ್ಲೇ. ಗೂಟದ ಮೇಲಿರುವಾಗ ಗೂಟದಂತೆ ಕಂದು, ಬೆದೆಗೆ ಬಂದಾಗ ಕುತ್ತಿಗೆ ಕೆಂಪು. ಗೂಟಕ್ಕೆ ಅದೆಲ್ಲ ಗೊತ್ತು, ಅದರಷ್ಟು ಹತ್ತಿರದಿಂದ ನೋಡಿದವರು ಇನ್ನಾರೂ ಇಲ್ಲ. ಆದರೂ ಗೂಟದ ಸಾಕ್ಷಿ ನಿಲ್ಲುವುದಿಲ್ಲ. ನೆಟ್ಟಲ್ಲಿ ನಿಂತಿರುವುದರಿಂದ ಅದು ಕಂಡಿರುವುದು ಒಂದೇ ಕಡೆಯ ನೋಟ. ಬಾಯಿಲ್ಲದ್ದರಿಂದ ಎದುರು ಮಾತಾಡದು. ಓತಿಕ್ಯಾತವೂ ಗೂಟವೂ ಒಂದೇ ಬೇಲಿಯವು ಎಂಬುದಂತೂ ಎಲ್ಲಕ್ಕಿಂತ ದೊಡ್ಡ ಅಡ್ಡಿ. ನಿಜ ಬೇಕಾದವನು ಬೇಲಿಯ ಆಚೆ ಇರುವವನನ್ನು ಕೇಳಬೇಕು. ಬೆಳೆ ಮೇಯ್ದದ್ದು ಯಾರ ದನ, ಒಡ್ಡು ಸರಿಸಿದ್ದು ಯಾರ ಗುದ್ದಲಿ ಎಂದು ಹೇಳಬಲ್ಲವನು ಆಚೆ ಹೊಲದವನು.

ನಮ್ಮ ಸಭೆಗಳಲ್ಲಿ ಎಷ್ಟೋ ಸಲ ನಡೆಯುತ್ತಿರುವುದು ಇದೇ. ದಾನಿಗಳ ಭಕ್ತಿಗೆ ಸಭಾಪಾಲಕರು ಸಾಕ್ಷಿ, ಸಭಾಪಾಲಕರ ಭಕ್ತಿಗೆ ದಾನಿಗಳು ಸಾಕ್ಷಿ. ವರದಕ್ಷಿಣೆ ತೆಗೆದುಕೊಂಡ ಮದುವೆಗೆ ಆಶೀರ್ವಾದದ ಪ್ರಾರ್ಥನೆಯಾಗುತ್ತದೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಹಾಡಿ ಹೊರಬಂದವರು ಮಗಳಿಗೆ ವರ ನೋಡುವಾಗ ಹಳೆಯ ಜಾತಿಯನ್ನು ಮೆಲ್ಲಗೆ ವಿಚಾರಿಸುತ್ತಾರೆ. ಒಳಗಿರುವ ನಮಗೆಲ್ಲ ಇದು ಗೊತ್ತು, ನಾವು ಗೂಟದ ಹಾಗೆ ನಿಂತಿರುತ್ತೇವೆ. ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಕೈಯಾರೆ ದುಡಿದು, ಕೊಟ್ಟ ಮಾತಿಗೆ ನಿಂತು, ವೇದಿಕೆಯನ್ನೇ ಹತ್ತದೆ ಬಾಳುತ್ತಿರುವ ನೂರಾರು ವಿಶ್ವಾಸಿಗಳ ಹೆಸರನ್ನೂ ಈ ನಡತೆ ಕೆಡಿಸುತ್ತದೆ.

ಬೈಬಲು ಈ ವಿಷಯದಲ್ಲಿ ಶಾನುಭೋಗರಷ್ಟೇ ಬಿಗಿ. ಮೋಶೆಯ ಧರ್ಮಶಾಸ್ತ್ರ ಇಬ್ಬರೋ ಮೂವರೋ ಸಾಕ್ಷಿಗಳಿಲ್ಲದೆ ಅಪರಾಧವನ್ನು ಸಾಬೀತೆಂದು ಒಪ್ಪುವುದಿಲ್ಲ. ಯೋಹಾನನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು, ತನ್ನ ಪರವಾಗಿ ತಾನೊಬ್ಬನೇ ಹೇಳುವ ಸಾಕ್ಷಿ ನಿಲ್ಲದೆಂದು ಒಪ್ಪಿ, ಸ್ನಾನಿಕ ಯೋಹಾನನನ್ನೂ ತಾನು ಮಾಡಿದ ಕೆಲಸಗಳನ್ನೂ ಮುಂದಿಡುತ್ತಾನೆ. 8ನೇ ಅಧ್ಯಾಯದಲ್ಲಿ ಅವನು ಬೇರೆ ಬಗೆಯಾಗಿ ಮಾತಾಡುತ್ತಾನಲ್ಲ ಎಂದು ಬಲ್ಲವರು ಕೇಳಬಹುದು. ಅದು ತಂದೆಯ ಬಳಿಯಿಂದ ಬಂದವನ ಅಧಿಕಾರ. ನನಗೂ ನಿಮಗೂ ಅದು ಸಲ್ಲದು. ಅವನು ಅತಿ ಕಠಿಣವಾಗಿ ಬೈದದ್ದು ಕಳ್ಳರನ್ನಲ್ಲ, ಪ್ರಾರ್ಥನೆ ಮಾಡುವವರನ್ನು. ಪುದೀನ, ಜೀರಿಗೆಗೂ ದಶಮಾಂಶ ಎಣಿಸಿ ಕೊಟ್ಟು, ನ್ಯಾಯವನ್ನೂ ಕರುಣೆಯನ್ನೂ ಬಿಟ್ಟವರನ್ನು ‘ಕಪಟಿಗಳು’ ಎಂದ.

ನನಗೆ ಪ್ರಿಯವಾದ ಸಾಕ್ಷಿ ಸಮುವೇಲನದು. ಮುದುಕನಾದ ಮೇಲೆ ಅವನು ಇಡೀ ಜನರ ಮುಂದೆ ನಿಂತು ತನ್ನ ಸಾಧನೆಯ ಪಟ್ಟಿ ಓದಲಿಲ್ಲ, ಪ್ರಶ್ನೆ ಕೇಳಿದ. ಯಾರ ಎತ್ತು ಹೊಡೆದುಕೊಂಡೆ, ಯಾರ ಕತ್ತೆ ತೆಗೆದುಕೊಂಡೆ, ಯಾರಿಂದ ಲಂಚ ಪಡೆದೆ, ಇದ್ದರೆ ಹೇಳಿ, ತಿರುಗಿ ಕೊಡುತ್ತೇನೆ ಎಂದ. ಜನ ಇಲ್ಲವೆಂದರು. ಆಮೇಲಷ್ಟೇ ಅವನು ದೇವರನ್ನು ಸಾಕ್ಷಿಗೆ ಕರೆದ. ಮೊದಲು ಜನ, ಆಮೇಲೆ ದೇವರು! ಸುಂಕದ ಜಕ್ಕಾಯನಂತೂ ಲೆಕ್ಕವನ್ನೇ ಒಪ್ಪಿಸಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ವಾಪಸು. ಯೆರಿಕೋ ಊರಿನ ಯಾರು ಬೇಕಾದರೂ ತಾಳೆ ನೋಡಬಹುದಾದ ಮಾತು ಅದು. ಯಾಕೋಬನ ಪತ್ರಿಕೆಯಲ್ಲಿ, ಪೈರು ಕೊಯ್ದ ಆಳುಗಳಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗಿಕೊಳ್ಳುತ್ತದೆ. ಆಳು ಬಾಯಿ ಬಿಡದಿದ್ದರೂ ಬಾಕಿ ಉಳಿದ ದುಡ್ಡು ಸಾಕ್ಷಿ ಹೇಳುತ್ತದೆ.

ಈಗಿನ ಮಾತಿನ ಬಗ್ಗೆ ನನ್ನ ದೂರು ಇಷ್ಟೇ ಅಲ್ಲ. ಪತ್ರಿಕೆಗಳಲ್ಲಿ ಮೈದಾನ ಸಮಾವೇಶಕ್ಕೆ ‘ಸಾಕ್ಷಿಯಾಗುತ್ತದೆ’, ನಗರ ಮಳೆಗೆ ‘ಸಾಕ್ಷಿಯಾಗುತ್ತದೆ’. ಮಳೆ ಬಂತು ಎಂದರೆ ಸಾಲದೇ? ಇನ್ನು ಸಭೆಗಳಲ್ಲಿ ಸಾಕ್ಷಿ ಹೋಗಿ ‘ಟೆಸ್ಟಿಮೊನಿ’ ಬಂದಿದೆ. ಅದನ್ನು ‘ಶೇರ್’ ಮಾಡುತ್ತಾರೆ. ಯೂಟ್ಯೂಬಿನಲ್ಲಿ ಅದಕ್ಕೊಂದು ಅಚ್ಚು ಬಿದ್ದಿದೆ: ಮೊದಲು ಕುಡಿತ, ಸಾಲ, ಕಾಯಿಲೆ, ನಡುವೆ ಒಂದು ಪ್ರಾರ್ಥನೆ, ಕೊನೆಗೆ ಕಾರು. ಸಾಲ ಕೊಟ್ಟವನಿಗೆ ದುಡ್ಡು ವಾಪಸಾಯಿತೇ, ಕುಡಿದು ಹೊಡೆದದ್ದಕ್ಕೆ ಹೆಂಡತಿಯ ಕ್ಷಮೆ ಕೇಳಿದ್ದಾಯಿತೇ ಎಂಬುದು ಬರುವುದೇ ಅಪರೂಪ. ಕಷ್ಟ ಹೇಳಿಕೊಂಡವರಿಗೆ ‘ಪ್ರೇಯರ್ ಮಾಡ್ತೀವಿ’ ಎಂದು ಮಾತು ಮುಗಿಸುವುದು ವಾಡಿಕೆಯಾಗಿದೆ. ಪ್ರಾರ್ಥನೆಯನ್ನು ನಾನು ಗೌರವಿಸುತ್ತೇನೆ. ಆದ್ದರಿಂದಲೇ ಅದು ಬೀಳ್ಕೊಡುವ ಮಾತಾಗುವುದನ್ನು ಕೇಳಲಾರೆ.

ಬೇಲಿಯ ಆಚೆಯವರು ಹೇಳುವ ಸಾಕ್ಷಿಗೆ ಕರಾವಳಿಯ ಮನೆಗಳ ಸೂರನ್ನು ನೋಡಬೇಕು. ಮತ ಬದಲಿಸಿದವರಿಗೆ ಮನೆ, ಜಾತಿ, ಕಸುಬು ಮೂರೂ ತಪ್ಪುತ್ತಿದ್ದಾಗ ಬಾಸೆಲ್ ಮಿಷನ್ನಿನವರು ಅವರಿಗೆ ದುಡಿಮೆ ಒದಗಿಸಲು ಮಗ್ಗ ಹಾಕಿದರು, ಮುದ್ರಣ ಕಲಿಸಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಕಾರ್ಖಾನೆಯೊಳಗೆ ಎಲ್ಲವೂ ನ್ಯಾಯವಾಗಿತ್ತೆಂದು ನಾನು ವಾದಿಸುವುದಿಲ್ಲ. ಆದರೆ ಚರ್ಚಿನ ಮೆಟ್ಟಿಲನ್ನೇ ಹತ್ತದವರು ಮಿಷನ್ನಿನ ಹೆಸರು ಒತ್ತಿದ ಹೆಂಚನ್ನು ನಂಬಿ ಮನೆಯ ಮೇಲೆ ಹೊದಿಸಿದರು. ಹಳೆಯ ಮನೆ ಬಿಚ್ಚುವಾಗ ಇಂದಿಗೂ ಅವು ಸಿಗುತ್ತವೆ. ಮಣ್ಣು ಹದವಾಗಿ ಕಲಸಿ, ಸರಿಯಾಗಿ ಸುಟ್ಟವರು ಯಾರೋ, ಹೆಸರು ಉಳಿದಿಲ್ಲ. ಅವರ ಕೆಲಸದ ಬಗ್ಗೆ ಒಳ್ಳೆಯ ಮಾತಾಡಿದವರು ಮಳೆಗಾಲದಲ್ಲಿ ಸೋರದ ಮನೆಯೊಳಗೆ ಮಲಗಿದ ಬೇರೆ ಬೇರೆ ಮತದ ಜನ.

ಪೌಲನ ಹೆಸರಿನಲ್ಲಿರುವ ತಿಮೊಥೆಯನ ಮೊದಲ ಪತ್ರಿಕೆಯ 3ನೇ ಅಧ್ಯಾಯ, ಸಭಾಧ್ಯಕ್ಷನಿಗೆ ಇರಬೇಕಾದ ಗುಣಗಳನ್ನು ಎಣಿಸಿ, ಕೊನೆಗೆ ಹೊರಗಿನವರಿಂದಲೂ ಅವನು ಒಳ್ಳೆಯವನೆನಿಸಿಕೊಂಡಿರಬೇಕು ಎನ್ನುತ್ತದೆ. ಆ ಮಾತನ್ನು ನಾವು ಓದುತ್ತೇವೆ, ಜಾರಿಗೆ ತರುವುದಿಲ್ಲ. ತರುವುದು ಕಷ್ಟವೂ ಅಲ್ಲ. ಸಭಾಹಿರಿಯರ ಚುನಾವಣೆಗೆ ಹೆಸರು ಕೊಟ್ಟವರ ಪಟ್ಟಿಯನ್ನು ಚರ್ಚಿನ ಬಾಗಿಲಿಗೆ ಅಂಟಿಸುವ ಮೊದಲು, ಪ್ರತಿಯೊಬ್ಬರ ಮನೆಗೆಲಸದವರನ್ನು, ಕಿರಾಣಿ ಅಂಗಡಿಯವರನ್ನು, ಬಾಡಿಗೆದಾರರನ್ನು, ಗೋಡೆ ಹಂಚಿಕೊಂಡ ನೆರೆಯವರನ್ನು ಕೇಳಿಬನ್ನಿ. ಅವರು ಯಾವ ಮತದವರಾದರೂ ಸರಿ, ಮತ ಬೇರೆಯಾಗಿದ್ದರೆ ಇನ್ನೂ ಒಳ್ಳೆಯದು. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆಯೇ, ಮುಂಗಡ ವಾಪಸು ಕೊಡುತ್ತಾರೆಯೇ, ಮಾತಿಗೆ ನಿಲ್ಲುತ್ತಾರೆಯೇ ಎಂದು ಕೇಳಿದರೆ ಸಾಕು. ದೇವರ ವಿಷಯ ಎತ್ತಲೇಬೇಕಾಗಿಲ್ಲ. ಅವರು ‘ಹೌದು’ ಎಂದರೆ ಆ ಅಭ್ಯರ್ಥಿ ಸಾಕ್ಷಿ ಹೇಳಲು ಎದ್ದು ನಿಲ್ಲುವ ಅಗತ್ಯವೇ ಇರುವುದಿಲ್ಲ. ‘ಇಲ್ಲ’ ಎಂದರೆ, ಮೊದಲು ಬಾಕಿ ತೀರಿಸಿ ಬರಲಿ, ಹೆಸರು ಮುಂದಿನ ಚುನಾವಣೆಗಿರಲಿ.