ಒಪ್ಪದ ಮದುವೆಯ ಬಿಡುಗಡೆ: ರುಖಮಾಬಾಯಿ ಮೊಕದ್ದಮೆ ಹಾಗೂ ವಿವಾಹ ರದ್ದತಿ ಕಾನೂನಿನ ಬೆಳವಣಿಗೆ

ವಿವಾಹ ವಿಚ್ಛೇದನ ಮತ್ತು ವಿವಾಹ ರದ್ದತಿಗಳನ್ನು ಲೋಕವ್ಯವಹಾರದಲ್ಲಿ ಒಂದೇ ಎಂದು ಭಾವಿಸುವುದುಂಟು. ನ್ಯಾಯಶಾಸ್ತ್ರದ ದೃಷ್ಟಿಯಲ್ಲಿ ಅವು ಬೇರೆ ಬೇರೆ. ವಿಚ್ಛೇದನವು ಇದ್ದ ಮದುವೆಯನ್ನು ಮುಗಿಸುತ್ತದೆ. ರದ್ದತಿಯು ಮದುವೆ ಎಂಬುದೇ ಆಗಿರಲಿಲ್ಲವೆಂದು, ಅಥವಾ ಆದದ್ದು ನಿಲ್ಲತಕ್ಕದ್ದಲ್ಲವೆಂದು ಸಾರುತ್ತದೆ. ಬಾಲ್ಯದಲ್ಲಿ, ತನ್ನ ಸಮ್ಮತಿಯಿಲ್ಲದೆ ಧಾರೆಯೆರೆಯಲ್ಪಟ್ಟ ಹೆಣ್ಣಿಗೆ ಈ ಎರಡನೆಯ ಪರಿಹಾರವೇ ಸಹಜವಾಗಿ ಒಪ್ಪುವಂಥದು. ಆದರೆ ನಮ್ಮ ಕಾನೂನು ಅದನ್ನು ಆಕೆಯ ಕೈಗೆ ಕೊಡಲು ಒಂದು ಶತಮಾನಕ್ಕೂ ಮಿಕ್ಕಿದ ಅವಧಿಯನ್ನು ತೆಗೆದುಕೊಂಡಿತು. ಆ ಹಾದಿಯನ್ನು ಮುಂಬಯಿ ಉಚ್ಚ ನ್ಯಾಯಾಲಯದ ಒಂದು ಮೊಕದ್ದಮೆಯಿಂದ ಆರಂಭಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನ ಶಾಸ್ತ್ರಗಳು ಈ ವಿಷಯದಲ್ಲಿ ಏಕಮುಖವಾಗಿರಲಿಲ್ಲ. ಕೌಟಿಲ್ಯನು ಧರ್ಮ್ಯ ವಿವಾಹಗಳಿಗೆ ಬಿಡುಗಡೆಯಿಲ್ಲವೆಂದು ಹೇಳಿದರೂ ಪರಸ್ಪರ ದ್ವೇಷವಿದ್ದಲ್ಲಿ ಮೋಕ್ಷವುಂಟೆಂಬುದನ್ನೂ ಅಂಗೀಕರಿಸುತ್ತಾನೆ. ಪತಿಯ ನಪುಂಸಕತ್ವವೂ ಸೇರಿದಂತೆ ಐದು ಆಪತ್ತುಗಳಲ್ಲಿ ಸ್ತ್ರೀಗೆ ಬೇರೆ ಪತಿಯನ್ನು ನಾರದ ಹಾಗೂ ಪರಾಶರ ಸ್ಮೃತಿಗಳು ವಿಧಿಸುತ್ತವೆ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಪಂಚರ ಮುಂದೆ ಸೋಡಚೀಟಿ ಬರೆಸಿಕೊಂಡು ಬಿಡುಗಡೆ ಹೊಂದುವ, ಉಡಿಕೆ ಅಥವಾ ಕೂಡಿಕೆಯ ಮೂಲಕ ಮತ್ತೊಂದು ಸಂಸಾರ ಹೂಡುವ ಪದ್ಧತಿ ಬಳಕೆಯಲ್ಲಿತ್ತು. ಬ್ರಿಟಿಷ್ ನ್ಯಾಯಾಲಯಗಳು ಹಿಂದೂ ಕಾನೂನೆಂದು ಬಹುಮಟ್ಟಿಗೆ ಪರಿಗಣಿಸಿದ್ದು ಗ್ರಂಥಸ್ಥವಾದ ಮೇಲ್ವರ್ಗದ ಆಚಾರವನ್ನು. ಅದರ ಬಿಗಿಗೆ ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಿಂದ ಎರವಲು ತಂದ 'ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ' ಎಂಬ ದಾವೆಯೂ ಸೇರಿಕೊಂಡಿತು. ಧರ್ಮಶಾಸ್ತ್ರಕ್ಕೆ ಅಪರಿಚಿತವಾಗಿದ್ದ ಈ ದಾವೆಯೇ ಮುಂದೆ ಧರ್ಮರಕ್ಷಣೆಯ ಆಯುಧವೆನಿಸಿದ್ದು ಚರಿತ್ರೆಯ ವಿಪರ್ಯಾಸ.

1864ರಲ್ಲಿ ಜನಿಸಿದ ರುಖಮಾಬಾಯಿಯವರ ವಿವಾಹವು ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬವರೊಡನೆ ನಡೆಯಿತು. ಅವರು ಗಂಡನ ಮನೆಗೆ ಹೋಗದೆ ಮಲತಂದೆ ಡಾ. ಸಖಾರಾಮ ಅರ್ಜುನರ ಮನೆಯಲ್ಲಿಯೇ ಬೆಳೆದು ವಿದ್ಯೆ ಕಲಿತರು. ಅವರ ತಾಯಿ ವೈಧವ್ಯದ ನಂತರ ಪುನರ್ವಿವಾಹವಾದವರು. ಬಡಗಿ ವೃತ್ತಿಯ ಅವರ ಜಾತಿಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ತಾಯಿಗೆ ಜಾತಿಯ ರೂಢಿ ಕೊಟ್ಟ ಅವಕಾಶವನ್ನು ಮಗಳಿಗೆ ಸರ್ಕಾರದ ನ್ಯಾಯಾಲಯ ಕೊಡಲಾರದಾಯಿತು ಎಂಬುದು ಗಮನಾರ್ಹ. 1884ರಲ್ಲಿ ದಾದಾಜಿ ಪುನಃಸ್ಥಾಪನೆಯ ದಾವೆ ಹೂಡಿದರು.

ರುಖಮಾಬಾಯಿಯವರ ಪರವಾಗಿ ವಾದಿಸಿದವರಲ್ಲಿ ಬ್ಯಾರಿಸ್ಟರ್ ಇನ್ವೆರಾರಿಟಿ ಹಾಗೂ ಕಾಶೀನಾಥ ತ್ರ್ಯಂಬಕ ತೆಲಂಗರು ಪ್ರಮುಖರು. ತೆಲಂಗರು ಸಂಸ್ಕೃತ ವಿದ್ವಾಂಸರೂ ಆಗಿದ್ದು, 1889ರಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. ಮದುವೆಯೇ ಅಸಿಂಧುವೆಂದು ಘೋಷಿಸಿರೆಂದು ಕೇಳಲು ಈ ವಕೀಲರಿಗೆ ಯಾವ ಕಾನೂನಿನ ಆಧಾರವೂ ಇರಲಿಲ್ಲ. ಹಿಂದೂ ವಿವಾಹವು ಸಂಸ್ಕಾರ. ಸಂಸ್ಕಾರಕ್ಕೆ ವಧುವಿನ ಸಮ್ಮತಿ ಅನಾವಶ್ಯಕ. ಹೀಗಾಗಿ ಆಕೆ ವಾದಿಯಾಗಿ ಬರುವಂತಿರಲಿಲ್ಲ, ಪ್ರತಿವಾದಿಯಾಗಿ ಮಾತ್ರ ನಿಲ್ಲಬೇಕಾಗಿತ್ತು. ತಿಳಿವಳಿಕೆ ಬರುವ ಮೊದಲೇ ಆದ ಮದುವೆಗೆ ತಾನು ಒಪ್ಪಿರಲಿಲ್ಲ, ವಾದಿಯು ಬಡವ, ರೋಗಿ, ಆತ ವಾಸಿಸುವ ಮನೆಯ ವಾತಾವರಣ ತಕ್ಕುದಲ್ಲ ಎಂಬ ಅಹವಾಲುಗಳನ್ನು ಮುಂದಿಡಲಾಯಿತು. ಇವುಗಳಲ್ಲಿ ಮೊದಲನೆಯದೇ ತಿರುಳು.

1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ದಾವೆಯನ್ನು ವಜಾ ಮಾಡಿದರು. ದಂಪತಿಗಳಾಗಿ ಒಟ್ಟಿಗೆ ಬಾಳಿಯೇ ಇಲ್ಲದವರ ನಡುವೆ 'ಪುನಃ' ಸ್ಥಾಪಿಸತಕ್ಕದ್ದು ಏನಿದೆ ಎಂಬುದು ಅವರ ತರ್ಕ. ಮದುವೆಯ ಸಿಂಧುತ್ವವನ್ನು ಮುಟ್ಟದೆಯೇ ಅದರ ಪರಿಣಾಮವನ್ನು ತಡೆಯುವ ಜಾಣ್ಮೆ ಇಲ್ಲಿದೆ. ಆದರೆ 1886ರಲ್ಲಿ ಮೇಲ್ಮನವಿ ಪೀಠವು ಈ ತೀರ್ಪನ್ನು ತಳ್ಳಿಹಾಕಿ ಮರುವಿಚಾರಣೆಗೆ ಕಳುಹಿಸಿತು. 1887ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಫ್ಯಾರನ್ ಅವರು ಒಂದು ತಿಂಗಳೊಳಗೆ ಗಂಡನ ಮನೆ ಸೇರಬೇಕೆಂದೂ ತಪ್ಪಿದಲ್ಲಿ ಆರು ತಿಂಗಳ ಸೆರೆವಾಸಕ್ಕೆ ಗುರಿಯಾಗಬೇಕೆಂದೂ ಆದೇಶಿಸಿದರು. ರುಖಮಾಬಾಯಿ ಸೆರೆವಾಸವನ್ನೇ ಆರಿಸಿಕೊಳ್ಳುವೆನೆಂದರು. 'ಹಿಂದೂ ಮಹಿಳೆ' ಎಂಬ ಗುಪ್ತನಾಮದಿಂದ ಪತ್ರಿಕೆಗೆ ಅವರು ಬರೆದ ಪತ್ರಗಳು, ಟಿಳಕರ 'ಕೇಸರಿ'ಯ ಕಟುವಿರೋಧ ಇವೆಲ್ಲ ಸುಪರಿಚಿತವಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ವಿಕ್ಟೋರಿಯಾ ರಾಣಿಯು ಆಜ್ಞೆ ಹೊರಡಿಸಿ ಈ ಮದುವೆಯನ್ನು ರದ್ದುಪಡಿಸಿದಳೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಇದು ನಿರಾಧಾರ. 1888ರ ಜುಲೈಯಲ್ಲಿ ಉಭಯ ಪಕ್ಷಗಳ ನಡುವೆ ರಾಜಿಯಾಗಿ, ಎರಡು ಸಾವಿರ ರೂಪಾಯಿ ಪಡೆದ ದಾದಾಜಿ ಡಿಕ್ರಿಯ ಜಾರಿಯನ್ನು ಕೈಬಿಟ್ಟರು. ಮದುವೆ ಮಾತ್ರ ಕಾನೂನಿನಲ್ಲಿ ಹಾಗೆಯೇ ಉಳಿಯಿತು. ಲಂಡನ್ನಿನಲ್ಲಿ ವೈದ್ಯಕೀಯ ಓದಿ, ಸೂರತ್ ಮತ್ತು ರಾಜಕೋಟೆಗಳಲ್ಲಿ ದೀರ್ಘಕಾಲ ವೈದ್ಯೆಯಾಗಿ ದುಡಿದ ರುಖಮಾಬಾಯಿಯವರು 1904ರಲ್ಲಿ ದಾದಾಜಿ ತೀರಿಕೊಂಡಾಗ ವಿಧವೆಯ ಬಿಳಿ ಸೀರೆ ಉಟ್ಟರೆಂದು ಅವರ ಚರಿತ್ರಕಾರರು ಹೇಳುತ್ತಾರೆ.

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದುದರಿಂದ ಅಲ್ಲಿನ ನ್ಯಾಯಾಲಯಗಳಿಗೂ 1886ರ ತೀರ್ಪು ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನವು ಬೇರೆ ದಾರಿ ಹಿಡಿಯಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ ಐವತ್ತು ಮೀರಿದವರು ಹದಿನಾಲ್ಕರೊಳಗಿನ ಹುಡುಗಿಯರನ್ನು ವರಿಸುವುದನ್ನೂ ನಿಷೇಧಿಸಲಾಯಿತು. ಆದರೆ ಈ ಶಾಸನವಾಗಲಿ, 1929ರ ಶಾರದಾ ಕಾಯ್ದೆಯಾಗಲಿ ಮದುವೆ ಮಾಡಿಸಿದವರನ್ನು ದಂಡಿಸಿದವೇ ಹೊರತು ಮದುವೆಯನ್ನು ಮುಟ್ಟಲಿಲ್ಲ. ದಂಡ ಕಟ್ಟಿದ ತಂದೆ ಮನೆಗೆ ಮರಳುತ್ತಿದ್ದ. ಹುಡುಗಿ ಮಾತ್ರ ಹೆಂಡತಿಯಾಗಿಯೇ ಉಳಿಯುತ್ತಿದ್ದಳು.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಪ್ರಾಪ್ತ ವಯಸ್ಸಿಗೆ ಬಂದಾಗ ಬಾಲ್ಯದ ನಿಕಾಹವನ್ನು ನಿರಾಕರಿಸುವ ಹಕ್ಕು ಮೊದಲಿನಿಂದ ಇದ್ದು, 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಅದನ್ನು ವಿಸ್ತರಿಸಿತು: ಹದಿನೈದಕ್ಕೆ ಮುಂಚೆ ಮದುವೆಯಾದವಳು, ಸಮಾಗಮವಾಗಿರದಿದ್ದಲ್ಲಿ, ಹದಿನೆಂಟರೊಳಗೆ ಅದನ್ನು ನಿರಾಕರಿಸಬಹುದು. ಹಿಂದೂ ಹೆಣ್ಣುಮಕ್ಕಳಿಗೆ ಹೋಲುವಂಥ ಅವಕಾಶ ದೊರೆತದ್ದು 1976ರಲ್ಲಿ, ಅದೂ ವಿಚ್ಛೇದನದ ಒಂದು ಕಾರಣವಾಗಿ. ರುಖಮಾಬಾಯಿಯವರು ನಿಧನರಾದ 1955ರಲ್ಲಿಯೇ ಜಾರಿಗೆ ಬಂದ ಹಿಂದೂ ವಿವಾಹ ಕಾಯ್ದೆಯು ರದ್ದತಿಯನ್ನು ಮೊದಲ ಬಾರಿಗೆ ಕ್ರಮಬದ್ಧಗೊಳಿಸಿತೆಂಬುದು ನಿಜ. ಜೀವಂತ ಪತಿ ಅಥವಾ ಪತ್ನಿಯಿರುವಾಗ ಆದ ಮದುವೆ ಅದರ 11ನೆಯ ಪ್ರಕರಣದಂತೆ ಅನೂರ್ಜಿತ. ನಪುಂಸಕತ್ವ, ಬಲಾತ್ಕಾರ ಅಥವಾ ವಂಚನೆಯಿಂದ ಪಡೆದ ಸಮ್ಮತಿ ಮುಂತಾದವು 12ನೆಯ ಪ್ರಕರಣದಂತೆ ಅನೂರ್ಜಿತಗೊಳಿಸಲು ಆಧಾರ. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಆದರೆ ವಯಸ್ಸಿನ ನಿಯಮವನ್ನು ಉಲ್ಲಂಘಿಸಿದ ಮದುವೆ ಈ ಎರಡು ಪಟ್ಟಿಗಳಲ್ಲಿಯೂ ಇರಲಿಲ್ಲ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 3ನೆಯ ಪ್ರಕರಣವೇ ಈ ಕೊರತೆಯನ್ನು ನೀಗಿಸಿದ್ದು. ಬಾಲ್ಯದಲ್ಲಿ ಮದುವೆಯಾದವರು ಪ್ರಾಪ್ತ ವಯಸ್ಕರಾದ ಎರಡು ವರ್ಷಗಳೊಳಗೆ ರದ್ದತಿಯನ್ನು ಕೋರಬಹುದು. ಅಪ್ರಾಪ್ತರಿದ್ದರೆ ಪೋಷಕರು ಅಥವಾ ವಾದಮಿತ್ರರು ಬಾಲ್ಯವಿವಾಹ ನಿಷೇಧಾಧಿಕಾರಿಯೊಡನೆ ಅರ್ಜಿ ಸಲ್ಲಿಸಬಹುದು. ಹುಡುಗಿಯು ಕೊನೆಗೂ ಅರ್ಜಿದಾರಳಾದಳು. ಆದರೆ ಮದುವೆ ಮಾಡಿಸಿದ ಮನೆಯಲ್ಲಿಯೇ ಇದ್ದುಕೊಂಡು, ಆ ಮನೆಯವರ ವಿರುದ್ಧ ಸಾಕ್ಷ್ಯ ಕೂಡಿಹಾಕಿ ವಕಾಲತ್ತಿಗೆ ಸಹಿ ಹಾಕುವುದು ಹದಿನೆಂಟರ ಹುಡುಗಿಗೆ ಎಷ್ಟು ಸಾಧ್ಯ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯು ಆದಾಯವನ್ನು ನೋಡದೆ ಸ್ತ್ರೀಯರಿಗೆ ಉಚಿತ ವಕೀಲರ ನೆರವನ್ನು ಒದಗಿಸುತ್ತದೆ. ಅತ್ತ 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೆಯ ಪ್ರಕರಣವು, ಅಲ್ಲಿ ವಕೀಲರ ಮೂಲಕ ಹಾಜರಾಗುವುದು ಪಕ್ಷಗಾರರ ಹಕ್ಕಲ್ಲವೆಂದು ಹೇಳುತ್ತದೆ. ತೆಲಂಗರಂಥವರ ನೆರವಿಲ್ಲದೆ ರುಖಮಾಬಾಯಿಯವರು 1885ರಲ್ಲಿ ಗೆಲ್ಲುತ್ತಿದ್ದರೇ ಎಂದು ಕೇಳಿಕೊಂಡರೆ, ಈ ಪ್ರಕರಣದ ಔಚಿತ್ಯವನ್ನು ಒಪ್ಪುವುದು ಕಷ್ಟ.

ಈ ಭಾರವನ್ನು ಹುಡುಗಿಯ ಹೆಗಲಿನಿಂದ ಇಳಿಸಲು ಕರ್ನಾಟಕವು ತನ್ನ ತಿದ್ದುಪಡಿಯ ಮೂಲಕ ಯತ್ನಿಸಿತು. 2017ರಲ್ಲಿ ಜಾರಿಗೆ ಬಂದ ಈ ತಿದ್ದುಪಡಿಯಂತೆ ಆ ಬಳಿಕ ರಾಜ್ಯದಲ್ಲಿ ನಡೆದ ಬಾಲ್ಯವಿವಾಹವು ಆರಂಭದಿಂದಲೇ ಅನೂರ್ಜಿತ. ಅದೇ ವರ್ಷದ ಅಕ್ಟೋಬರಿನ ತೀರ್ಪೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಶ್ಲಾಘಿಸಿತು. ಆದರೆ ಒಂದು ತೊಡಕಿದೆ. 2006ರ ಕಾಯ್ದೆಯ ಮೂಲಪಾಠದಲ್ಲಿ ಹುಡುಗಿಯ ಜೀವನಾಂಶವೂ ವಾಸದ ಏರ್ಪಾಡೂ ಮಕ್ಕಳ ಔರಸತ್ವವೂ ರದ್ದತಿಯ ಡಿಕ್ರಿಗೆ ತಳುಕು ಹಾಕಿಕೊಂಡಿವೆ. ಡಿಕ್ರಿಯ ಅಗತ್ಯವೇ ಇಲ್ಲದ ಮದುವೆಯಲ್ಲಿ ಈ ರಕ್ಷಣೆಗಳು ಎಲ್ಲಿಂದ ಹೊರಡಬೇಕು? ಹಿಂದೂ ವಿವಾಹ ಕಾಯ್ದೆಯ 16ನೆಯ ಪ್ರಕರಣವು ಅನೂರ್ಜಿತ ಮದುವೆಯ ಮಕ್ಕಳನ್ನು ಔರಸರೆಂದು ಪರಿಗಣಿಸುತ್ತದಾದರೂ ಅದು ಹೆಸರಿಸುವುದು 11 ಮತ್ತು 12ನೆಯ ಪ್ರಕರಣಗಳನ್ನು. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರಿನಲ್ಲಿ, ಇಂಥ ಮಕ್ಕಳಿಗೆ ಅವಿಭಕ್ತ ಕುಟುಂಬದಲ್ಲಿ ತಂದೆತಾಯಿಗಳಿಗೆ ಸಲ್ಲಬಹುದಾಗಿದ್ದ ಪಾಲಿನಲ್ಲಿಯೂ ಹಕ್ಕುಂಟೆಂದು ನಿರ್ಣಯಿಸಿದ್ದು ಈ 16ನೆಯ ಪ್ರಕರಣದ ಆಧಾರದ ಮೇಲೆಯೇ. 2017ರ ತಿದ್ದುಪಡಿಯ ಬಲದಿಂದ ಮಾತ್ರ ಅನೂರ್ಜಿತವಾದ ಮದುವೆಯ ಮಕ್ಕಳಿಗೂ ಅದನ್ನು ವಿಸ್ತರಿಸುವ ಮಾತು ಶಾಸನದಲ್ಲಿಯೇ ಸ್ಪಷ್ಟವಾಗಿ ಸೇರುವುದು ಲೇಸು.