ಕಲೆ, ಕಳೆ ಮತ್ತು ಕಡತ ವ್ಯವಸ್ಥೆ

'ಬರಹ' ತಂತ್ರಾಂಶದಲ್ಲಿ ಕನ್ನಡ ಬರೆದವರಿಗೆಲ್ಲ ಒಂದು ಸಂಗತಿ ತಿಳಿದಿರುತ್ತದೆ. ಇಂಗ್ಲಿಷಿನ ಚಿಕ್ಕ 'ಎಲ್' ಒತ್ತಿದರೆ 'ಲ' ಬರುತ್ತದೆ, ದೊಡ್ಡ 'ಎಲ್' ಒತ್ತಿದರೆ 'ಳ' ಬರುತ್ತದೆ. ಹಾಗಾಗಿ ಆ ಲಿಪ್ಯಂತರ ಕ್ರಮದಲ್ಲಿ ಕಲೆಗೂ ಕಳೆಗೂ, ಬೆಲೆಗೂ ಬೆಳೆಗೂ ಇರುವ ಅಂತರ ಒಂದು ಅಕ್ಷರದ ಗಾತ್ರ ಮಾತ್ರ. ಈ ಕ್ರಮದಲ್ಲಿಯೇ 'ಬೆಲೆ' ಎಂದೊಂದು, 'ಬೆಳೆ' ಎಂದೊಂದು ಕಡತಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟು ಒಂದೇ ಕೋಶದಲ್ಲಿ ಇಡಲು ಹೋಗಿರಿ. ಲಿನಕ್ಸ್ ಗಣಕವು ಎರಡನ್ನೂ ಸುಮ್ಮನೆ ಇಟ್ಟುಕೊಳ್ಳುತ್ತದೆ. ವಿಂಡೋಸ್ ಮತ್ತು ಮ್ಯಾಕಿಂಟಾಷ್ ಗಣಕಗಳು ಸಾಮಾನ್ಯವಾಗಿ ಈ ಹೆಸರಿನ ಕಡತ ಆಗಲೇ ಇದೆ, ಅದರ ಮೇಲೆಯೇ ಬರೆಯಬೇಕೆ ಎಂದು ಕೇಳುತ್ತವೆ. ಆತುರದಲ್ಲಿ ಹೌದೆಂದರೆ ಬೆಲೆಯ ಪಟ್ಟಿ ಹೋಗಿ ಆ ಜಾಗದಲ್ಲಿ ಬೆಳೆಯ ಪಟ್ಟಿ ಕುಳಿತಿರುತ್ತದೆ.

ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲದ ಲಿಪಿ ನಮ್ಮದು. ಆದ್ದರಿಂದ ಇದು ನಮಗೆ ಸಂಬಂಧಿಸದ ಜಗಳವೆಂದು ತೋರಬಹುದು. ಆದರೆ ಈ ಜಗಳಕ್ಕೆ ಸುಮಾರು ಐವತ್ತು ವರ್ಷಗಳ ಇತಿಹಾಸವಿದೆ. ಹಣ ಕೊಟ್ಟು ತಂತ್ರಾಂಶ ಕೊಂಡವರು ಅದನ್ನು ಬಳಸಲಾಗದೆ ಕೈ ಹಿಸುಕಿಕೊಂಡ ಪ್ರಸಂಗಗಳೂ ಅದರಲ್ಲಿವೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇದೇ ಕಸುಬಿನಲ್ಲಿ ಇರುವುದರಿಂದ ಈ ಇತಿಹಾಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅವರಿಗೆ ಗೊತ್ತಿರುವ ವಿಷಯವನ್ನೇ ಮೇಷ್ಟರು ಹೇಳುತ್ತಿದ್ದಾರೆಂದು ನಗಬಾರದು. ಮನೆಯ ಹಿರಿಯರೂ ಈ ಪುಟವನ್ನು ಓದುತ್ತಾರೆ.

ಆ ಹಿರಿಯರಿಗಾಗಿ ಒಂದು ಮಾತು. ಗಣಕದ ತಟ್ಟೆಯಲ್ಲಿ ಇರುವುದು ಬರಿಯ ಅಂಕಿಗಳ ಸಾಲು. ಯಾವ ಕಡತ ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ, ಅದರ ಹೆಸರೇನು ಎಂಬುದನ್ನು ಬರೆದಿಡುವ ಕ್ರಮವೇ ಕಡತ ವ್ಯವಸ್ಥೆ. ಶಾನುಭೋಗರ ಲೆಕ್ಕದ ಪುಸ್ತಕವಿಲ್ಲದಿದ್ದರೆ ಊರಿನ ಹೊಲಗಳು ಇದ್ದಲ್ಲಿಯೇ ಇರುತ್ತವೆ, ಆದರೆ ಯಾವುದು ಯಾರದೆಂದು ಹೇಳುವವರಿರುವುದಿಲ್ಲ. ಇದೂ ಹಾಗೆಯೇ. ಒಂದೊಂದು ಸಂಸ್ಥೆ ಒಂದೊಂದು ಬಗೆಯಲ್ಲಿ ಈ ಪುಸ್ತಕವನ್ನು ಬರೆಯಿತು. ತೊಂದರೆಯ ಮೂಲ ಅಲ್ಲಿದೆ.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್‌ನಲ್ಲಿ ದೊಡ್ಡ 'ಎ' ಬೇರೆ, ಚಿಕ್ಕ 'ಎ' ಬೇರೆ. ಯಂತ್ರದ ದೃಷ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಸಂಖ್ಯೆಗಳಿರುವುದರಿಂದ ಹೋಲಿಸುವ ಕೆಲಸ ಸುಲಭವಾಯಿತು. 1981ರಲ್ಲಿ ಬಂದ ಎಂಎಸ್-ಡಾಸ್‌ನಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ, ಎಲ್ಲವೂ ದೊಡ್ಡಕ್ಷರವೇ. 1985ರಲ್ಲಿ ಆಪಲ್ ಸಂಸ್ಥೆ ಮ್ಯಾಕಿಂಟಾಷ್‌ಗಾಗಿ ತಂದ ಎಚ್‌ಎಫ್‌ಎಸ್ ಎಂಬ ವ್ಯವಸ್ಥೆ ಮಧ್ಯದ ದಾರಿ ಹಿಡಿಯಿತು. ನೀವು ಹೇಗೆ ಬರೆದಿರೋ ಹಾಗೆಯೇ ಹೆಸರನ್ನು ಉಳಿಸುತ್ತದೆ. ಹುಡುಕುವಾಗ ಮಾತ್ರ ದೊಡ್ಡದು ಚಿಕ್ಕದೆಂಬ ಭೇದ ಮಾಡುವುದಿಲ್ಲ. ಸಾಮಾನ್ಯ ಮನುಷ್ಯನ ಸ್ವಭಾವಕ್ಕೆ ಇದೇ ಹತ್ತಿರವೆಂದು ನನ್ನ ಅಭಿಪ್ರಾಯ. ಹಾಜರಿ ಕೂಗುವಾಗ ಹೆಸರನ್ನು ಗಟ್ಟಿಯಾಗಿ ಕೂಗಿದರೂ ಮೆಲ್ಲಗೆ ಕೂಗಿದರೂ ಎದ್ದು ನಿಲ್ಲುವ ಹುಡುಗ ಒಬ್ಬನೇ.

2001ರಲ್ಲಿ ಆಪಲ್ ತನ್ನ ಹಳೆಯ ಕಾರ್ಯಾಚರಣ ವ್ಯವಸ್ಥೆಯನ್ನು ಬಿಟ್ಟು ಯುನಿಕ್ಸ್ ವಂಶದ ಮ್ಯಾಕ್ ಓಎಸ್ ಎಕ್ಸ್ ಅನ್ನು ತಂದಾಗ ಎರಡು ಸಂಪ್ರದಾಯಗಳು ಒಂದೇ ಮನೆಯಲ್ಲಿ ಸಂಸಾರ ಹೂಡಬೇಕಾಯಿತು. ಯುನಿಕ್ಸ್‌ನಿಂದ ಬಂದವರಿಗೆ ಅಕ್ಷರಭೇದ ಬೇಕು. ಹಳೆಯ ಮ್ಯಾಕ್ ಬಳಕೆದಾರರಿಗೆ ಅದು ಬೇಡ. 2003ರ ಅಕ್ಟೋಬರಿನಲ್ಲಿ ಬಂದ 10.3ನೆಯ ಆವೃತ್ತಿಯೊಂದಿಗೆ ಅಕ್ಷರಭೇದವನ್ನು ಪಾಲಿಸುವ ಎಚ್‌ಎಫ್‌ಎಸ್-ಎಕ್ಸ್ ಎಂಬ ರೂಪವೂ ಬಂದಿತು. ತಟ್ಟೆಯನ್ನು ಸಿದ್ಧಪಡಿಸುವಾಗ ಬೇಕಾದವರು ಇದನ್ನು ಆರಿಸಿಕೊಳ್ಳಬಹುದಾಗಿತ್ತು. ಪಟ್ಟಿಯಲ್ಲಿ ಒಂದು ಸಾಲಾಗಿ ಕಾಣುವ ಈ ಆಯ್ಕೆಯನ್ನು ಮುಂದೆ ಮನಸ್ಸು ಬದಲಾದರೆ ಇದ್ದ ಹಾಗೆಯೇ ತಿರುಗಿಸಲು ಆಪಲ್ ದಾರಿ ಕೊಟ್ಟಿರಲಿಲ್ಲ. ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿ, ತಟ್ಟೆಯನ್ನು ಅಳಿಸಿ, ಮೊದಲಿನಿಂದ ಆರಂಭಿಸಬೇಕು.

ಇದನ್ನು ಆರಿಸಿಕೊಂಡವರಲ್ಲಿ ಹಲವರು ತಂತ್ರಾಂಶ ಬರೆಯುವವರು. ಅವರು ಬರೆದದ್ದು ಕೊನೆಗೆ ಓಡುವುದು ಅಕ್ಷರಭೇದವಿರುವ ದೊಡ್ಡ ಗಣಕಗಳ ಮೇಲೆ. ತಮ್ಮ ಮೇಜಿನ ಗಣಕವೂ ಹಾಗೆಯೇ ಇದ್ದರೆ ದೋಷಗಳು ಮೊದಲೇ ಸಿಗುತ್ತವೆ. ಇದು ವಿವೇಕದ ಆಯ್ಕೆಯೇ ಆಗಿತ್ತು. ಆದರೆ ಅಡೋಬಿ ಸಂಸ್ಥೆಯ ಫೋಟೋಶಾಪ್ ಮೊದಲಾದವುಗಳ ಕಟ್ಟನ್ನು ಕೊಂಡು ತಂದು ಸ್ಥಾಪಿಸಲು ಹೋದಾಗ, ಅಕ್ಷರಭೇದವಿರುವ ತಟ್ಟೆಯ ಮೇಲೆ ಸ್ಥಾಪಿಸಲಾಗದು ಎಂಬ ಉತ್ತರ ಬರುತ್ತಿತ್ತು. 2008ರಲ್ಲಿ ಬಂದ ಸಿಎಸ್4ರ ಪೂರ್ಣ ಸಂಗ್ರಹದ ಬೆಲೆ ಅಮೆರಿಕದಲ್ಲಿ 2,499 ಡಾಲರು. ಸಂಸ್ಥೆ ಮುಚ್ಚಿಟ್ಟಿತ್ತೆಂದು ಹೇಳುವಂತಿಲ್ಲ. ಬೇಕಾದ ಸ್ಮರಣೆ, ಬೇಕಾದ ಪರದೆ ಎಂದು ಪಟ್ಟಿ ಮಾಡುವ ಕಡೆ, ಕೀಲಿಗೊಂಚಲಿಗೆ ಸಿಕ್ಕಿಸಿಕೊಳ್ಳುವಂಥ ಫ್ಲಾಶ್ ಸಾಧನಗಳ ಮೇಲೆ ಸ್ಥಾಪಿಸಬೇಡಿ ಎಂಬ ಮಾತಿನ ಪಕ್ಕದಲ್ಲೇ ಆವರಣದೊಳಗೆ ಇದನ್ನೂ ಮುದ್ರಿಸಿತ್ತು. ಅಂಗಡಿಯಲ್ಲಿ ನಿಂತು ಆವರಣದೊಳಗಿನ ಮಾತನ್ನು ಓದುವವರು ಎಷ್ಟು ಮಂದಿ?

ನಿರಾಕರಣೆಗೆ ಕಾರಣ ಬಹಳ ಸಣ್ಣದು, ಕೇಳಿದರೆ ಕನ್ನಡ ಮೇಷ್ಟರಿಗೆ ಕೋಪ ಬರುವಂಥದ್ದು. ದೊಡ್ಡ ತಂತ್ರಾಂಶವೊಂದರಲ್ಲಿ ಸಾವಿರಾರು ಕಡತಗಳಿರುತ್ತವೆ, ಅವು ಹೆಸರು ಹಿಡಿದು ಒಂದನ್ನೊಂದು ಕರೆಯುತ್ತಿರುತ್ತವೆ. ಕೋಶದ ಹೆಸರನ್ನು ಒಬ್ಬ ದೊಡ್ಡಕ್ಷರದಿಂದ ಆರಂಭಿಸಿ ಬರೆದಿರುತ್ತಾನೆ, ಅದನ್ನು ಕರೆಯುವ ಇನ್ನೊಬ್ಬ ಚಿಕ್ಕಕ್ಷರದಲ್ಲಿ ಬರೆದಿರುತ್ತಾನೆ. ಅಕ್ಷರಭೇದವಿಲ್ಲದ ತಟ್ಟೆ ಈ ಕಾಗುಣಿತ ದೋಷವನ್ನು ಕ್ಷಮಿಸುತ್ತದೆ. ಭೇದವಿರುವ ತಟ್ಟೆ ಅಂಥ ಕಡತ ಇಲ್ಲವೆನ್ನುತ್ತದೆ, ತಂತ್ರಾಂಶ ಅಲ್ಲಿಯೇ ಬೀಳುತ್ತದೆ. ಹಲವು ತಂಡಗಳು ಹಲವು ವರ್ಷ ಬರೆದದ್ದನ್ನೆಲ್ಲ ತಿದ್ದಿ ಮತ್ತೆ ಪರೀಕ್ಷಿಸುವುದು ಖರ್ಚಿನ ಕೆಲಸ, ಅದನ್ನು ಕೇಳುವ ಗಿರಾಕಿಗಳೋ ಬೆರಳೆಣಿಕೆ. ಸ್ಥಾಪನೆಯನ್ನೇ ತಡೆಯುವುದು ಅಗ್ಗವಾಯಿತು. ವ್ಯಾಪಾರದ ಲೆಕ್ಕ ಸರಿಯಿರಬಹುದು. ಆದರೆ ತನ್ನ ಕಾಗುಣಿತವನ್ನು ತಿದ್ದಿಕೊಳ್ಳದೆ ಗಿರಾಕಿಯ ಮನೆಯ ಕಪಾಟನ್ನು ಬದಲಿಸಲು ಹೇಳುವುದು ನನಗೆ ನ್ಯಾಯವೆನಿಸುವುದಿಲ್ಲ. ಕೆಲವು ಬಳಕೆದಾರರು ತಾವೇ ಕಡತಗಳ ಹೆಸರುಗಳನ್ನು ತಿದ್ದಿ, ಸ್ಥಾಪನೆಯ ತಡೆಯನ್ನು ದಾಟಿ, ಫೋಟೋಶಾಪ್ ಅನ್ನು ಓಡಿಸಿ ತೋರಿಸಿದರು. ಹೊರಗಿನವರು ಬಿಡುವಿನಲ್ಲಿ ಮಾಡಿದ್ದು ಒಳಗಿನವರಿಂದ ಆಗದ ಕೆಲಸವೇನಾಗಿರಲಿಲ್ಲ.

2010ರ ಮೇ ತಿಂಗಳಲ್ಲಿ ವಾಲ್ವ್ ಸಂಸ್ಥೆಯ ಸ್ಟೀಮ್ ಎಂಬ ಆಟಗಳ ಮಳಿಗೆ ಮ್ಯಾಕ್‌ಗೆ ಬಂದಾಗಲೂ ಇದೇ ಹಾಡು. ಮೂರು ವರ್ಷಗಳ ಬಳಿಕ, 2013ರ ಫೆಬ್ರವರಿಯಲ್ಲಿ, ಅದೇ ಸ್ಟೀಮ್ ಲಿನಕ್ಸ್‌ಗೂ ಬಂದಿತು. ಲಿನಕ್ಸ್‌ನಲ್ಲಿ ಅಕ್ಷರಭೇದ ಇದ್ದೇ ಇದೆ. ಅಲ್ಲಿ ಸ್ಟೀಮ್ ಓಡಿತು.

ಅಕ್ಷರಭೇದ ಇಲ್ಲದಿರುವುದೂ ಪೂರ್ತಿ ಸುರಕ್ಷಿತವಲ್ಲ. 2014ರ ಡಿಸೆಂಬರಿನಲ್ಲಿ ಗಿಟ್ ಎಂಬ ಸಾಧನದಲ್ಲಿ ಅಪಾಯವೊಂದು ಬಯಲಾಯಿತು. ಗಿಟ್ ತನ್ನ ಗುಪ್ತ ಕೋಶಕ್ಕೆ ಚಿಕ್ಕಕ್ಷರದ ಹೆಸರಿಟ್ಟುಕೊಂಡಿದೆ. ದುಷ್ಟನೊಬ್ಬ ಅದೇ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು ಕಳುಹಿಸಿದರೆ ಗಿಟ್‌ನ ಕಣ್ಣಿಗೆ ಅದು ಬೇರೆ ಕೋಶ. ವಿಂಡೋಸ್ ಮತ್ತು ಮ್ಯಾಕ್ ತಟ್ಟೆಯ ಕಣ್ಣಿಗೆ ಅದೇ ಕೋಶ. ಹೀಗೆ ಪರರು ಬರೆದ ಆದೇಶಗಳು ಒಳಗೆ ನುಸುಳಬಹುದಾಗಿತ್ತು. ಕೂಡಲೇ ತಿದ್ದುಪಡಿ ಹೊರಬಂದಿತು.

ಈಗ ನಮ್ಮ ಕನ್ನಡಕ್ಕೆ ಬರುತ್ತೇನೆ. ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಭಾಗವಿದು. 'ಕೋ' ಎಂಬುದನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಾಗಿ ಬರೆಯಬಹುದು. ಕಕಾರದ ಮುಂದೆ ಓತ್ವಕ್ಕೆ ಒಂದೇ ಸಂಕೇತ ಇಡುವುದು ಒಂದು ಬಗೆ. ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರು ಸಂಕೇತಗಳನ್ನು ಸಾಲಾಗಿ ಇಡುವುದು ಇನ್ನೊಂದು ಬಗೆ; ಒಂದನೆಯ ತರಗತಿಯಲ್ಲಿ ಮಕ್ಕಳು ಸ್ಲೇಟಿನ ಮೇಲೆ ತಿದ್ದುವುದೂ ಹೀಗೆಯೇ ಅಲ್ಲವೇ! ಎರಡೂ ಒಂದೇ ಎಂದು ಯುನಿಕೋಡ್ ನಿಯಮ ಹೇಳುತ್ತದೆ, ಕಣ್ಣಿಗೂ ಒಂದೇ ಆಗಿ ಕಾಣುತ್ತವೆ. ಆದರೆ 'ಕೋಲಾರ' ಎಂಬ ಹೆಸರಿಗೆ ಮೊದಲ ಬಗೆಯಲ್ಲಿ 5 ಸಂಕೇತಗಳು, ಎರಡನೆಯ ಬಗೆಯಲ್ಲಿ 7. ಆಪಲ್ 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ನೀವು ಹೇಗೆ ಬರೆದರೂ ಬಿಡಿಸಿದ ರೂಪದಲ್ಲಿಯೇ ಹೆಸರನ್ನು ಇಟ್ಟುಕೊಳ್ಳುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತದೆ. ಹೀಗೆ ಮ್ಯಾಕ್‌ನಿಂದ ಬಂದ 'ಕೋಲಾರ'ವೂ ಲಿನಕ್ಸ್‌ನಲ್ಲಿ ಹುಟ್ಟಿದ 'ಕೋಲಾರ'ವೂ ಒಂದೇ ಕೋಶದಲ್ಲಿ ಅವಳಿಗಳಂತೆ ಅಕ್ಕಪಕ್ಕ ಕೂರಬಹುದು. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಫ್ರೆಂಚ್, ಜರ್ಮನ್, ಜಪಾನಿ ಭಾಷೆಯವರು ಇದೇ ದೂರನ್ನು ಮೊದಲೇ ಕೊಟ್ಟಿದ್ದರಿಂದ ಗಿಟ್‌ನಲ್ಲಿ 2012ರಲ್ಲಿಯೇ ಇದಕ್ಕೊಂದು ಪರಿಹಾರ ಸೇರಿತು. ಡ್ರಾಪ್‌ಬಾಕ್ಸ್ ಇಂಥ ಅವಳಿಗಳನ್ನು ಕಂಡಾಗ ಒಂದರ ಹೆಸರಿನ ಬಾಲಕ್ಕೆ ಯುನಿಕೋಡ್ ಸಂಕೇತದ ಘರ್ಷಣೆ ಎಂದು ಬರೆದು ಬೇರ್ಪಡಿಸುತ್ತದೆ; ದೊಡ್ಡಕ್ಷರ ಚಿಕ್ಕಕ್ಷರದ ಅವಳಿಗಳಿಗೂ ಅದೇ ಚಿಕಿತ್ಸೆ.

ಡ್ರಾಪ್‌ಬಾಕ್ಸ್‌ನ ಹೆಸರು ಬಂದದ್ದರಿಂದ 2018ರ ಪ್ರಸಂಗವನ್ನೂ ಹೇಳಬೇಕು. ನಮ್ಮ ಕಡತಗಳನ್ನು ಹಲವು ಗಣಕಗಳಲ್ಲಿ ಒಂದೇ ರೀತಿಯಾಗಿ ಇಡುವ ಈ ಸೇವೆ ಆ ಆಗಸ್ಟಿನಲ್ಲಿ ಲಿನಕ್ಸ್ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟಿತು. ನವೆಂಬರ್ 7ರಿಂದ ಲಿನಕ್ಸ್‌ನಲ್ಲಿ ಇಎಕ್ಸ್‌ಟಿ4 ಎಂಬ ಒಂದೇ ಕಡತ ವ್ಯವಸ್ಥೆಗೆ ಬೆಂಬಲ, ಉಳಿದವುಗಳ ಮೇಲೆ ಸೇವೆ ನಿಲ್ಲುತ್ತದೆ ಎಂದು. ಕಡತದೊಂದಿಗೆ ಚೀಟಿಯಂತೆ ಅಂಟಿಸಿಡುವ ಹೆಚ್ಚುವರಿ ಗುಣವಿವರಗಳು ಬೇಕಾಗಿವೆ ಎಂಬುದು ಕೊಟ್ಟ ಕಾರಣ. ಆದರೆ ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಎಲ್ಲಕ್ಕೂ ಅಂಥ ಚೀಟಿ ಅಂಟಿಸುವ ಶಕ್ತಿ ಮೊದಲಿನಿಂದಲೇ ಇತ್ತು. ಕಾರಣಕ್ಕೂ ಕ್ರಮಕ್ಕೂ ಹೊಂದಿಕೆಯಿಲ್ಲದ್ದರಿಂದಲೇ ಸಿಟ್ಟು ಹೆಚ್ಚಾಯಿತು.

ತೊಂದರೆಗೆ ಸಿಕ್ಕಿದವರು ವಿಚಿತ್ರ ಪ್ರಯೋಗ ಮಾಡಿದವರೇನಲ್ಲ. ರೆಡ್ ಹ್ಯಾಟ್ 2014ರ ತನ್ನ ಏಳನೆಯ ಆವೃತ್ತಿಯಲ್ಲಿ ಎಕ್ಸ್‌ಎಫ್‌ಎಸ್ ಅನ್ನೇ ತಾನಾಗಿ ಕೊಟ್ಟಿತ್ತು. ಓಪನ್‌ಸೂಸೆ ಅದೇ ವರ್ಷ ಮೂಲ ವಿಭಾಗಕ್ಕೆ ಬಿಟಿಆರ್‌ಎಫ್‌ಎಸ್ ಅನ್ನು ಆರಿಸಿತ್ತು. ಉಬುಂಟು ಸ್ಥಾಪಿಸುವಾಗ ತಮ್ಮ ಕೋಶಕ್ಕೆ ಬೀಗ ಹಾಕಿರೆಂದು ಗುರುತು ಹಾಕಿದ್ದವರು ಇಕ್ರಿಪ್ಟ್‌ಎಫ್‌ಎಸ್ ಎಂಬುದರಲ್ಲಿದ್ದರು. ಎಚ್ಚರಿಕೆಯಿಂದ ನಡೆದದ್ದಕ್ಕೇ ದಂಡ ತೆರುವಂತಾಯಿತು ಇವರ ಸ್ಥಿತಿ. ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿದ್ದವರೂ ಸಾಲಿನಲ್ಲಿದ್ದರು. ಕೆಲವರು ತಮ್ಮ ತಟ್ಟೆಯೊಳಗೇ ದೊಡ್ಡದೊಂದು ಕಡತವನ್ನು ಮಾಡಿ, ಆ ಕಡತದೊಳಗೆ ಇಎಕ್ಸ್‌ಟಿ4 ಅನ್ನು ಹೂಡಿ, ಅದರೊಳಗೆ ಡ್ರಾಪ್‌ಬಾಕ್ಸ್ ಕೋಶವನ್ನು ಇಟ್ಟರು. ಮ್ಯಾಕ್‌ನವರು ಅಡೋಬಿಗಾಗಿ ಹಿಂದೆ ಹೂಡಿದ್ದ ಉಪಾಯವೂ ಇದೇ ಜಾತಿಯದು: ಮನೆಯೊಳಗೆ ಇನ್ನೊಂದು ಪುಟ್ಟ ಮನೆ. ಉಳಿದವರು ಬೇರೆ ಸೇವೆಗಳನ್ನು ಹುಡುಕಿಕೊಂಡು ಹೋದರು.

2019ರ ಜುಲೈನಲ್ಲಿ ಡ್ರಾಪ್‌ಬಾಕ್ಸ್ ತನ್ನ ಪ್ರಾಯೋಗಿಕ ಆವೃತ್ತಿಯಲ್ಲಿ ಝಡ್‌ಎಫ್‌ಎಸ್, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಇಕ್ರಿಪ್ಟ್‌ಎಫ್‌ಎಸ್ ನಾಲ್ಕನ್ನೂ ಮರಳಿ ಸೇರಿಸಿತು. ನವೆಂಬರಿನ ಗಡುವಿನಿಂದ ಲೆಕ್ಕ ಹಾಕಿದರೆ ಸುಮಾರು ಎಂಟು ತಿಂಗಳು. ಅಷ್ಟರಲ್ಲಿ ತಟ್ಟೆಯನ್ನು ಅಳಿಸಿ ಇಎಕ್ಸ್‌ಟಿ4 ಹೂಡಿಕೊಂಡಿದ್ದವರು ಅದರಲ್ಲಿಯೇ ಉಳಿಯುವುದೋ, ಇನ್ನೊಮ್ಮೆ ಅಳಿಸುವುದೋ ಎಂದು ಯೋಚಿಸಬೇಕಾಯಿತು.